ಕರೆಂಟ್ ದರ ತೀರ್ಮಾನಿಸುವ ಕಚೇರಿಯಲ್ಲಿ ಎಷ್ಟು ಜನರಿದ್ದಾರೆ, ಅವರ ಸಂಬಳ ಯಾರ ಜೇಬಿನಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ವಿದ್ಯುತ್ ದರದ ಸಾರ್ವಜನಿಕ ವಿಚಾರಣೆಗಳಿಗೆ ಹೋಗಿ ಆಕ್ಷೇಪಣೆ ಸಲ್ಲಿಸುವ ರೂಢಿ ಇಟ್ಟುಕೊಂಡಿದ್ದೇನೆ. ಹೋಗಿ ಬಂದ ಮೇಲೆ ಅಕ್ಕಪಕ್ಕದ ಶೆಡ್ಡಿನವರು, ಬೆಟಗೇರಿಯ ನೇಕಾರರು, ರಾಣೆಬೆನ್ನೂರು ಕಡೆಯ ರೈತರು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ದರ ಏರಿದಾಗಲೆಲ್ಲ ಸಿಟ್ಟು ಮೊದಲು ತಿರುಗುವುದು ದರ ತೀರ್ಮಾನಿಸುವ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಲ್ಲಿ ಕುಳಿತವರ ಸಂಬಳದ ಕಡೆಗೆ. ಆ ಸಿಟ್ಟು ತಪ್ಪು ಜಾಗಕ್ಕೆ ಹೋಗುತ್ತಿದೆ ಎನ್ನುವುದು ನನ್ನ ನಂಬಿಕೆ. ಆದ್ದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಆಯೋಗ ಎಂದರೆ ಹೆಸ್ಕಾಂ ತಾನೇ?

ಅಲ್ಲ. ಹೆಸ್ಕಾಂ ಕರೆಂಟ್ ಮಾರುವ ಕಂಪನಿ. 2002ರಲ್ಲಿ ಆರಂಭವಾಯಿತು, ಕೇಂದ್ರ ಕಚೇರಿ ನಮ್ಮ ನವನಗರದಲ್ಲಿದೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಏಳು ಜಿಲ್ಲೆಗಳು ಅದರ ವ್ಯಾಪ್ತಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಬೆಂಗಳೂರಿನ ವಸಂತನಗರದಲ್ಲಿದೆ. 1999ರಲ್ಲಿ ರಾಜ್ಯದ ವಿದ್ಯುತ್ ಸುಧಾರಣಾ ಕಾಯ್ದೆಯ ಅಡಿಯಲ್ಲಿ ಹುಟ್ಟಿ, ಈಗ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ನಡೆಯುತ್ತಿದೆ. ಹೆಸ್ಕಾಂ ತನ್ನ ಖರ್ಚಿನ ಪಟ್ಟಿ ಹಿಡಿದು ಅಲ್ಲಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಯಾವುದು ಸರಿ, ಯಾವುದು ಹೆಚ್ಚು ಎಂದು ನೋಡಿ ದರ ತೀರ್ಮಾನಿಸುವುದು ಆಯೋಗದ ಕೆಲಸ.

ನವನಗರದ ಕೌಂಟರಿನಲ್ಲಿ ನಿಂತು ಆಯೋಗದವರನ್ನು ಬೈದರೆ ಅದು ಅವರ ಕಿವಿಗೆ ಮುಟ್ಟುವುದಿಲ್ಲ.

ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ?

ತೀರ್ಪು ಕೊಡುವವರು ಹೆಚ್ಚೆಂದರೆ ಮೂವರು. ಕಾಯ್ದೆಯ 82ನೇ ಕಲಮು ರಾಜ್ಯ ಆಯೋಗದಲ್ಲಿ ಅಧ್ಯಕ್ಷರೂ ಸೇರಿ ಮೂವರಿಗಿಂತ ಹೆಚ್ಚು ಸದಸ್ಯರು ಇರಬಾರದು ಎನ್ನುತ್ತದೆ. ಅವರ ಕೈಕೆಳಗೆ ಒಬ್ಬ ಕಾರ್ಯದರ್ಶಿ, ಆಮೇಲೆ ದರ, ತಾಂತ್ರಿಕ, ಕಾನೂನು, ಲೆಕ್ಕಪತ್ರ ಎಂದು ಹಂಚಿಕೊಂಡು ಕೆಲಸ ಮಾಡುವ ಅಧಿಕಾರಿಗಳು, ಗುಮಾಸ್ತರು, ಚಾಲಕರು ಇರುತ್ತಾರೆ.

ಈ ಕೆಳಗಿನ ಸಿಬ್ಬಂದಿ ಎಷ್ಟಿರಬೇಕು ಎಂಬುದನ್ನು ಆಯೋಗ ತಾನಾಗಿಯೇ ನಿರ್ಧರಿಸುವಂತಿಲ್ಲ. 91ನೇ ಕಲಮಿನ ಪ್ರಕಾರ ಹುದ್ದೆಗಳ ಸಂಖ್ಯೆ, ದರ್ಜೆ, ಸಂಬಳ ಎಲ್ಲದಕ್ಕೂ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಎಸ್ಕಾಂಗಳ, ಅಂದರೆ ಹೆಸ್ಕಾಂನಂಥ ಕರೆಂಟ್ ಮಾರುವ ಕಂಪನಿಗಳ, ಒಡೆಯ ರಾಜ್ಯ ಸರ್ಕಾರ. ಆ ಎಸ್ಕಾಂಗಳ ಲೆಕ್ಕ ತನಿಖೆ ಮಾಡುವ ಆಯೋಗಕ್ಕೆ ಎಷ್ಟು ಜನ ಬೇಕೆಂದು ಒಪ್ಪುವುದೂ ಅದೇ ಸರ್ಕಾರ. ಪರೀಕ್ಷೆ ಬರೆಯುವ ಹುಡುಗನ ಮನೆಯವರೇ ಪರೀಕ್ಷಕರ ಸಂಖ್ಯೆ ನಿಗದಿ ಮಾಡಿದಂತೆ ಇದು. ಸಿಬ್ಬಂದಿ ಕಡಿಮೆ ಇದ್ದಾಗ ಯಾರಿಗೆ ಅನುಕೂಲ ಎಂಬುದನ್ನು ನಾವು ಕೇಳಬೇಕಿರುವುದು ಇದೇ ಕಾರಣಕ್ಕೆ.

ಆ ಮೂವರನ್ನು ಯಾರು ಆರಿಸುತ್ತಾರೆ? ಕುರ್ಚಿ ಖಾಲಿಯಾದರೆ ಏನಾಗುತ್ತದೆ?

ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರೊಬ್ಬರ ಅಧ್ಯಕ್ಷತೆಯಲ್ಲಿ ಆಯ್ಕೆ ಸಮಿತಿ ಇರುತ್ತದೆ, ರಾಜ್ಯದ ಮುಖ್ಯ ಕಾರ್ಯದರ್ಶಿಯೂ ಅದರಲ್ಲಿರುತ್ತಾರೆ. ಪ್ರತಿ ಸ್ಥಾನಕ್ಕೆ ಎರಡು ಹೆಸರು ಶಿಫಾರಸು ಮಾಡುತ್ತಾರೆ, ಸರ್ಕಾರ ಒಬ್ಬರನ್ನು ನೇಮಿಸುತ್ತದೆ. ಅವಧಿ ಐದು ವರ್ಷ. 65 ವಯಸ್ಸು ತುಂಬಿದರೆ ಅದಕ್ಕೂ ಮೊದಲೇ ಇಳಿಯಬೇಕು. ಅದೇ ಹುದ್ದೆಗೆ ಮರುನೇಮಕ ಇಲ್ಲ. ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು, ಆಡಳಿತ ಇವುಗಳಲ್ಲಿ ಅನುಭವ ಇದ್ದವರನ್ನು ಆರಿಸಬೇಕು. 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ತೀರ್ಪು ಕೊಡುತ್ತಾ, ಪ್ರತಿ ಆಯೋಗದಲ್ಲಿ ಕನಿಷ್ಠ ಒಬ್ಬರಾದರೂ ಕಾನೂನು ಕ್ಷೇತ್ರದವರು ಇರಲೇಬೇಕು ಎಂದು ಹೇಳಿತು.

ಖಾಲಿ ಕುರ್ಚಿಯ ವಿಷಯದಲ್ಲಿ ಕಾಯ್ದೆಯ ಮಾತು ಸ್ಪಷ್ಟವಾಗಿದೆ. ಯಾರದ್ದಾದರೂ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಸರ್ಕಾರ ವಿಷಯವನ್ನು ಆಯ್ಕೆ ಸಮಿತಿಗೆ ಕಳಿಸಬೇಕು. ಸಮಿತಿ ಮೂರು ತಿಂಗಳಲ್ಲಿ ಆಯ್ಕೆ ಮುಗಿಸಬೇಕು. ನಿವೃತ್ತಿಯ ದಿನಾಂಕ ನೇಮಕವಾದ ದಿನವೇ ಗೊತ್ತಿರುತ್ತದೆ. ಹೀಗಿರುವಾಗ ಒಂದು ಸ್ಥಾನ ತಿಂಗಳುಗಟ್ಟಲೆ ಖಾಲಿ ಬಿದ್ದರೆ ಅದಕ್ಕೆ ಯಾವ ನೆಪವೂ ಒಪ್ಪುವಂಥದ್ದಲ್ಲ. ಸದಸ್ಯರು ಕಡಿಮೆ ಇದ್ದರೂ ಆಯೋಗದ ಆದೇಶಕ್ಕೆ ಕಾನೂನಿನ ಬಲ ಇರುತ್ತದೆ, 93ನೇ ಕಲಮು ಹಾಗೆನ್ನುತ್ತದೆ. ಆದರೆ ಮೂರು ತಲೆ ಕೂಡಿ ಯೋಚಿಸಬೇಕಾದದ್ದನ್ನು ಒಂದೇ ತಲೆ ಯೋಚಿಸಿದಾಗ ಆಗುವ ವ್ಯತ್ಯಾಸವನ್ನು ಯಾವ ಕಲಮೂ ತುಂಬಿಕೊಡಲಾರದು.

ಅವರ ಸಂಬಳ ನನ್ನ ಬಿಲ್ಲಿನಿಂದಲೇ ಹೋಗುತ್ತದೆಯೇ?

ನಿಮ್ಮ ಬಿಲ್ಲಿನಲ್ಲಿ ‘ಆಯೋಗದ ಶುಲ್ಕ’ ಎಂಬ ಸಾಲು ಇಲ್ಲ. ಕಾಯ್ದೆಯ 103ನೇ ಕಲಮಿನ ಪ್ರಕಾರ ಆಯೋಗಕ್ಕೆ ಒಂದು ನಿಧಿ ಇದೆ. ಸರ್ಕಾರದ ಅನುದಾನ ಮತ್ತು ಆಯೋಗ ವಸೂಲು ಮಾಡುವ ಶುಲ್ಕಗಳು ಅದಕ್ಕೆ ಜಮೆಯಾಗುತ್ತವೆ. ಪರವಾನಗಿ ಪಡೆದ ಕಂಪನಿಗಳು, ಅರ್ಜಿ ಹಾಕುವ ಉತ್ಪಾದಕರು ಶುಲ್ಕ ಕಟ್ಟುತ್ತಾರೆ. ಅಧ್ಯಕ್ಷರಿಂದ ಜವಾನನವರೆಗೆ ಎಲ್ಲರ ಸಂಬಳ ಆ ನಿಧಿಯಿಂದ.

ಎಸ್ಕಾಂ ಕಟ್ಟಿದ ಶುಲ್ಕ ಅದರ ಖರ್ಚಿನ ಪಟ್ಟಿಯಲ್ಲಿ ಸೇರುವುದರಿಂದ ಕೊನೆಗೆ ನಮ್ಮ ದರದಲ್ಲಿ ಬಂದೇ ಬರುತ್ತದೆ. ಅನುದಾನವೂ ತೆರಿಗೆಯ ಹಣವೇ. ಆದ್ದರಿಂದ ಎರಡೂ ದಾರಿಯಿಂದ ಕೊಡುವವರು ನಾವೇ, ಲೆಕ್ಕ ಕೇಳುವ ಹಕ್ಕೂ ನಮ್ಮದೇ. ಆಯೋಗದ ಲೆಕ್ಕಪತ್ರವನ್ನು ಭಾರತದ ಮಹಾಲೇಖಪಾಲರು ಪರಿಶೋಧಿಸುತ್ತಾರೆ, ವರದಿ ವಿಧಾನಮಂಡಲದ ಮುಂದೆ ಹೋಗಬೇಕು.

ಸರಿ, ಆದರೆ ಮೂಗಿಗಿಂತ ಮೂಗುತಿ ಭಾರವಾಗಿಲ್ಲವೇ?

ಇದು ಬೆಟಗೇರಿಯ ಹಿರಿಯ ನೇಕಾರರೊಬ್ಬರು ನನಗೆ ಕೇಳಿದ ಮಾತು. ಅವರಿಗೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ, ನಿಮಗೂ ತೋರಿಸುತ್ತೇನೆ.

ಒಂದು ಎಸ್ಕಾಂ ವರ್ಷಕ್ಕೆ ಸಾವಿರ ಕೋಟಿ ಯೂನಿಟ್ ಮಾರುತ್ತದೆ ಎಂದು ಹಿಡಿಯೋಣ. ಹೆಸ್ಕಾಂ ಮಾರಾಟ ಅದಕ್ಕಿಂತ ಹೆಚ್ಚೇ ಇದೆ, ಲೆಕ್ಕ ಸುಲಭವಾಗಲಿ ಎಂದು ದುಂಡಗಿನ ಅಂಕಿ ಹಿಡಿದಿದ್ದೇನೆ. ಯೂನಿಟ್‌ಗೆ ಒಂದು ಪೈಸೆ ಎಂದರೆ ವರ್ಷಕ್ಕೆ ಹತ್ತು ಕೋಟಿ ರೂಪಾಯಿ. ಒಂದೇ ಒಂದು ಪೈಸೆ, ಅದೂ ಐದು ಎಸ್ಕಾಂಗಳ ಪೈಕಿ ಒಂದರಲ್ಲಿ ಮಾತ್ರ.

ಇನ್ನು ಸಂಬಳದ ಕಡೆ ಬನ್ನಿ. ಒಳ್ಳೆಯ ಎಂಜಿನಿಯರ್ ಅಥವಾ ಲೆಕ್ಕ ಪರಿಣಿತರೊಬ್ಬರಿಗೆ ತಿಂಗಳಿಗೆ ಒಂದೂವರೆ ಲಕ್ಷ ಕೊಡುತ್ತೇವೆ ಎಂದುಕೊಳ್ಳಿ. ವರ್ಷಕ್ಕೆ 18 ಲಕ್ಷ. ಇಂಥ ಹತ್ತು ಜನರಿಗೆ 1.8 ಕೋಟಿ. ಆ ಹತ್ತು ಜನ ಕೂಡಿ ಒಂದು ಎಸ್ಕಾಂ ಪಟ್ಟಿಯಲ್ಲಿ ಯೂನಿಟ್‌ಗೆ ಕಾಲು ಪೈಸೆಯಷ್ಟು ಅನವಶ್ಯಕ ಖರ್ಚು ಹುಡುಕಿ ಹೊಡೆದುಹಾಕಿದರೂ ತಮ್ಮ ಸಂಬಳವನ್ನು ತೀರಿಸಿ ಇನ್ನೂ ಉಳಿಸುತ್ತಾರೆ. ದರದ ವಿಚಾರಣೆಯಲ್ಲಿ ಚರ್ಚೆಯಾಗುವುದು ಕಾಲು ಪೈಸೆಯಲ್ಲ, ಹತ್ತಾರು ಪೈಸೆ. ನೇಕಾರರು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಬಿಲ್ಲಿನಲ್ಲಿ ಬರುವ ಪಿಂಚಣಿ ಹಣ ಆಯೋಗದವರದ್ದಲ್ಲವೇ?

ಖಂಡಿತ ಅಲ್ಲ. ಈ ಗೊಂದಲ ಬಹಳ ಹಬ್ಬಿದೆ. 2025ರ ಏಪ್ರಿಲ್‌ನಿಂದ ಸೇರಿದ ಯೂನಿಟ್‌ಗೆ 36 ಪೈಸೆ, ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಮತ್ತು ಎಸ್ಕಾಂ ನೌಕರರ ಪಿಂಚಣಿ ಹಾಗೂ ಗ್ರಾಚ್ಯುಟಿಯಲ್ಲಿ ಸರ್ಕಾರ ಭರಿಸಬೇಕಿದ್ದ ಪಾಲು. ಅದನ್ನು ಗ್ರಾಹಕರಿಂದ ವಸೂಲು ಮಾಡಲು ಅನುಮತಿ ಕೊಟ್ಟದ್ದು ಆಯೋಗ, ಹಣ ಹೋಗುವುದು ಆಯೋಗಕ್ಕಲ್ಲ. 2026-27ಕ್ಕೆ ಇದು 35 ಪೈಸೆ, 2027-28ಕ್ಕೆ 34 ಪೈಸೆ ಎಂದು ಆದೇಶದಲ್ಲಿದೆ.

ದುಡಿದವರ ಪಿಂಚಣಿ ನಿಲ್ಲಬಾರದು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಸರ್ಕಾರ ಹೊತ್ತ ಹೊರೆ ಕಂಬ ದಾಟಿ ನಮ್ಮ ಮೀಟರಿಗೆ ಇಳಿಯಬೇಕಿತ್ತೇ ಎಂಬುದು ನ್ಯಾಯವಾದ ಪ್ರಶ್ನೆ, ಅದನ್ನು ಸರ್ಕಾರಕ್ಕೇ ಕೇಳಬೇಕು.

ವರ್ಷಕ್ಕೊಮ್ಮೆ ದರ ಹೇಳುವುದಕ್ಕೆ ಅಷ್ಟು ಜನ ಯಾಕೆ ಬೇಕು?

ನವೆಂಬರ್ ಕೊನೆಯ ಹೊತ್ತಿಗೆ ಎಸ್ಕಾಂಗಳು ದರದ ಅರ್ಜಿ ಸಲ್ಲಿಸುತ್ತವೆ. 64ನೇ ಕಲಮಿನ ಪ್ರಕಾರ 120 ದಿನಗಳಲ್ಲಿ ಆದೇಶ ಬರಬೇಕು, ಅಂದರೆ ಏಪ್ರಿಲ್ 1ಕ್ಕೆ ಹೊಸ ದರ ಸಿದ್ಧವಿರಬೇಕು. ಅಷ್ಟರೊಳಗೆ ಐದು ಎಸ್ಕಾಂ, ಕೆಪಿಟಿಸಿಎಲ್, ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇವೆಲ್ಲವುಗಳ ಪುಸ್ತಕ ನೋಡಬೇಕು. ಹಿಂದಿನ ವರ್ಷ ಒಪ್ಪಿದ ಖರ್ಚಿಗೂ ನಿಜವಾಗಿ ಆದ ಖರ್ಚಿಗೂ ತಾಳೆ ಹಾಕಬೇಕು. ನಾವು ಕೊಟ್ಟ ಆಕ್ಷೇಪಣೆಗಳನ್ನು ಓದಬೇಕು, ವಿಚಾರಣೆ ನಡೆಸಬೇಕು, ನೂರಾರು ಪುಟಗಳ ಆದೇಶ ಬರೆಯಬೇಕು. ಇದರ ನಡುವೆ ವಿದ್ಯುತ್ ಖರೀದಿ ಒಪ್ಪಂದಗಳು, ಗದಗ ಭಾಗದ ಗಾಳಿಯಂತ್ರದಂಥ ಘಟಕಗಳ ವ್ಯಾಜ್ಯಗಳು, ನಿಯಮಾವಳಿಗಳ ತಿದ್ದುಪಡಿ ನಿಲ್ಲುವುದಿಲ್ಲ.

ಒಂದು ಉದಾಹರಣೆ ಸಾಕು: ಪಂಪ್‌ಸೆಟ್. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ರೈತ ಹಣ ಕಟ್ಟುವುದಿಲ್ಲ, ಸರ್ಕಾರ ಸಬ್ಸಿಡಿ ಕೊಡುತ್ತದೆ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಹಾಗಾದರೆ ಸರ್ಕಾರ ಎಷ್ಟು ಯೂನಿಟ್‌ಗೆ ಹಣ ಕೊಡಬೇಕು? ಅಂದಾಜಿನ ಮೇಲೆ. ವಿಚಾರಣೆಯೊಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರು ಎದ್ದು ನಿಂತು, ‘ನನ್ನ ಬೋರ್‌ವೆಲ್ ಬತ್ತಿ ಎರಡು ವರ್ಷವಾಯಿತು, ನನ್ನ ಪಂಪು ಕರೆಂಟ್ ಉಂಡಿದೆ ಎಂದು ಬರೆದವರು ಯಾರು?’ ಎಂದು ಕೇಳಿದಾಗ ಸಭೆ ಒಂದು ಕ್ಷಣ ಸುಮ್ಮನಾಯಿತು.

ಅಂದಾಜು ಯಾಕೆ ಅಷ್ಟು ಮುಖ್ಯ ಎಂದು ನೋಡಿ. ಫೀಡರಿಗೆ, ಅಂದರೆ ಸಬ್‌ಸ್ಟೇಷನ್ನಿನಿಂದ ಊರ ಕಡೆ ಹೊರಡುವ ಲೈನಿಗೆ, ಹರಿದ ವಿದ್ಯುತ್ ಮೀಟರಿನಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಬಿಲ್ ಆದದ್ದು ಎಷ್ಟು, ಪಂಪ್‌ಸೆಟ್ ಬಳಸಿದ್ದು ಎಷ್ಟು, ಉಳಿದದ್ದು ನಷ್ಟ. ಹಳೆಯ ತಂತಿ, ಭಾರ ಹೆಚ್ಚಾದ ಟಿ.ಸಿ. (ಟ್ರಾನ್ಸ್‌ಫಾರ್ಮರ್), ಕಳ್ಳತನ ಎಲ್ಲವೂ ನಷ್ಟದಲ್ಲಿ ಸೇರುತ್ತವೆ. ಪಂಪ್‌ಸೆಟ್ ಬಳಕೆಯನ್ನು ಹೆಚ್ಚಾಗಿ ಅಂದಾಜು ಮಾಡಿದರೆ ನಷ್ಟ ತಾನಾಗಿಯೇ ಕಡಿಮೆ ಕಾಣುತ್ತದೆ. ರೈತನ ಹೆಸರಿನಲ್ಲಿ ಸೋರಿಕೆ ಮುಚ್ಚಿಹೋಗುತ್ತದೆ, ಖಜಾನೆಯಿಂದ ಹೆಚ್ಚು ಸಬ್ಸಿಡಿ ಹೋಗುತ್ತದೆ, ನಷ್ಟ ತಗ್ಗಿಸಬೇಕೆಂಬ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ಒಂದು ಲಕ್ಷ ಪಂಪ್‌ಸೆಟ್‌ಗಳಿಗೆ ತಲಾ ಸಾವಿರ ಯೂನಿಟ್ ಹೆಚ್ಚು ಬರೆದರೆ ಹತ್ತು ಕೋಟಿ ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಎಂದು ಹಿಡಿದರೆ 70 ಕೋಟಿ ರೂಪಾಯಿ.

ಇದನ್ನು ಹಿಡಿಯಬೇಕಾದರೆ ಯಾರಾದರೂ ಕುಳಿತು ಕೃಷಿ ಫೀಡರುಗಳ ತಿಂಗಳವಾರು ಓದಿಕೆಯನ್ನು ಏಳು ಗಂಟೆಯ ಮೂರು ಫೇಸ್ ಪೂರೈಕೆಯ ಜೊತೆ ಹೋಲಿಸಬೇಕು. ಮಳೆ ಬಂದ ತಿಂಗಳಲ್ಲೂ ಬಳಕೆ ಇಳಿಯದಿದ್ದರೆ ಯಾಕೆಂದು ಕೇಳಬೇಕು. ಬತ್ತಿದ ಬೋರ್‌ವೆಲ್‌ಗಳ ಲೆಕ್ಕ ತೆಗೆದರೇ ಎಂದು ನೋಡಬೇಕು. ಬೇಕಾದರೆ ಶಿಗ್ಗಾಂವಿಗೋ ಹಿರೇಕೆರೂರಿಗೋ ಬಂದು ಟಿ.ಸಿ.ಯ ಮುಂದೆ ನಿಂತು ಪರೀಕ್ಷಿಸಬೇಕು. ಇಬ್ಬರೋ ಮೂವರೋ ಎಂಜಿನಿಯರುಗಳಿಂದ ಇಡೀ ರಾಜ್ಯಕ್ಕೆ ಇದು ಸಾಧ್ಯವೇ? ಸಿಬ್ಬಂದಿ ಕಡಿಮೆಯಾದಾಗ ಕಂಪನಿ ಕೊಟ್ಟ ಅಂಕಿಯನ್ನೇ ಒಪ್ಪಿಕೊಳ್ಳುವ ಅನಿವಾರ್ಯ ಬರುತ್ತದೆ. ನನ್ನನ್ನು ಹೆದರಿಸುವ ಖರ್ಚು ಅದು. ಅದು ಯಾವ ವೇತನ ಪಟ್ಟಿಯಲ್ಲೂ ಕಾಣುವುದಿಲ್ಲ.

ಎಸ್ಕಾಂ, ಕೆಪಿಟಿಸಿಎಲ್‌ನಿಂದಲೇ ಅಧಿಕಾರಿಗಳು ನಿಯೋಜನೆಯ ಮೇಲೆ ಬರುತ್ತಾರಂತೆ. ಅವರು ತಮ್ಮ ಕಂಪನಿಯ ವಿರುದ್ಧ ಬರೆಯುತ್ತಾರೆಯೇ?

ದೇಶದ ವಿದ್ಯುತ್ ನಿಯಂತ್ರಣ ಆಯೋಗಗಳಲ್ಲಿ ಇದು ರೂಢಿಯಲ್ಲಿದೆ. ಅನುಭವ ಇರುವವರು ಆ ಕಂಪನಿಗಳಲ್ಲೇ ಇದ್ದಾರೆ, ಸಬ್‌ಸ್ಟೇಷನ್ ಹೇಗೆ ನಡೆಯುತ್ತದೆ ಎಂದು ಪುಸ್ತಕ ಓದಿ ತಿಳಿಯಲಾಗದು. ನಾನು ಕಂಡ ಕೆಲವರು ತುಂಬ ಪ್ರಾಮಾಣಿಕರು. ಆದರೆ ಮೂರು ವರ್ಷದ ನಂತರ ಹಳೆಯ ಮೇಲಧಿಕಾರಿಯ ಕೈಕೆಳಗೇ ಮರಳಬೇಕಾದವರ ಮೇಲೆ ಅಷ್ಟು ಭಾರ ಹೊರಿಸುವುದು ಅವರಿಗೂ ಅನ್ಯಾಯ. ಆಯೋಗದ ಸದಸ್ಯರಿಗೆ ಕಾಯ್ದೆ ಒಂದು ಕಟ್ಟು ಹಾಕಿದೆ: ಹುದ್ದೆ ಬಿಟ್ಟ ಮೇಲೆ ಎರಡು ವರ್ಷ ವಾಣಿಜ್ಯ ಉದ್ಯೋಗ ಹಿಡಿಯುವಂತಿಲ್ಲ, ಆಯೋಗಗಳ ಮುಂದೆ ಯಾರ ಪರವಾಗಿಯೂ ನಿಲ್ಲುವಂತಿಲ್ಲ. ಕೆಳಗಿನ ಅಧಿಕಾರಿಗಳಿಗೆ ಆ ಕಲಮು ಅನ್ವಯಿಸದು. ಆಯೋಗಕ್ಕೆ ತನ್ನದೇ ಕಾಯಂ ವೃಂದ ಇರಬೇಕು, ನಿಯೋಜನೆ ಅದಕ್ಕೆ ಪೂರಕವಾಗಿರಬೇಕು. ನನ್ನ ಪ್ರತಿ ಆಕ್ಷೇಪಣೆಯಲ್ಲೂ ಇದೊಂದು ಸಾಲನ್ನು ಬರೆಯುತ್ತೇನೆ.

ಸಲಹೆಗಾರರಿಗೆ ಹಣ ಕೊಡುವುದು ದುಂದಲ್ಲವೇ?

91ನೇ ಕಲಮೇ ಸಲಹೆಗಾರರನ್ನು ನೇಮಿಸಲು ಅವಕಾಶ ಕೊಟ್ಟಿದೆ. ವರ್ಷದಲ್ಲಿ ಒಮ್ಮೆ ಬರುವ ವಿಶೇಷ ಅಧ್ಯಯನಕ್ಕೆ ಅದು ಸರಿ. ದಿನನಿತ್ಯದ ಕೆಲಸವನ್ನೇ ಹೊರಗಿನವರಿಗೆ ಒಪ್ಪಿಸಿದರೆ, ಅವರು ಹೋದ ದಿನ ತಿಳಿವಳಿಕೆಯೂ ಅವರೊಂದಿಗೆ ಹೋಗುತ್ತದೆ.

ನಮ್ಮೂರಿನಲ್ಲಿ ಲೈನ್‌ಮನ್ ಹುದ್ದೆ ಖಾಲಿ ಇದೆ. ಆಯೋಗ ತುಂಬುತ್ತದೆಯೇ?

ಇಲ್ಲ, ನೇಮಕ ಎಸ್ಕಾಂ ಕೆಲಸ. ಆದರೆ ಆಯೋಗಕ್ಕೆ ಸಂಬಂಧವೇ ಇಲ್ಲ ಎನ್ನಲಾಗದು. ಎಸ್ಕಾಂ ನೌಕರರ ವೆಚ್ಚ, ದುರಸ್ತಿ, ಕಚೇರಿ ಖರ್ಚು ಇವನ್ನು ಕೂಡಿಸಿ ಆಯೋಗ ಒಂದು ಸೂತ್ರದಂತೆ ಮೊತ್ತ ಒಪ್ಪುತ್ತದೆ. ಹಣದುಬ್ಬರ ಮತ್ತು ಗ್ರಾಹಕರ ಸಂಖ್ಯೆಯ ಏರಿಕೆಯನ್ನು ಸೇರಿಸಿ, ದಕ್ಷತೆಯ ಹೆಸರಿನಲ್ಲಿ ಒಂದಿಷ್ಟು ಕಳೆಯುವ ಸೂತ್ರ ಅದು. ಹಳ್ಳಿಯಲ್ಲಿ ಟಿ.ಸಿ. ಸುಟ್ಟರೆ 72 ಗಂಟೆಯೊಳಗೆ ಬದಲಿಸಬೇಕು ಎಂಬಂಥ ಸೇವಾ ಮಾನದಂಡಗಳನ್ನು ಹಾಕುವುದೂ ಆಯೋಗವೇ. ಆದ್ದರಿಂದ ವಿಚಾರಣೆಯಲ್ಲಿ ಹೀಗೆ ಕೇಳಿ: ‘ಹಣ ಒಪ್ಪಿದ್ದೀರಿ, ನಮ್ಮ ಶಾಖೆಯಲ್ಲಿ ಕಂಬ ಹತ್ತುವವರು ಎಷ್ಟು ಜನ?’ ಲೈನ್‌ಮನ್ ಒಬ್ಬನೇ ನಾಲ್ಕು ಊರು ನೋಡಬೇಕಾದರೆ ಅವನ ಜೀವಕ್ಕೂ ಅಪಾಯ.

ವಿಚಾರಣೆಗೆ ಆಯೋಗದವರು ಹುಬ್ಬಳ್ಳಿಗೆ ಬರುವುದು ದಂಡದ ಖರ್ಚು, ಆನ್‌ಲೈನ್ ಸಾಲದೇ?

ನನ್ನ ಮಟ್ಟಿಗೆ ಆಯೋಗ ಮಾಡುವ ಅತ್ಯಂತ ಬೆಲೆಬಾಳುವ ಖರ್ಚು ಇದು. ಬತ್ತಿದ ಬೋರ್‌ವೆಲ್‌ನ ರೈತ ಮೊಬೈಲಿನ ಸಣ್ಣ ಚೌಕದಲ್ಲಿ ಆ ಪ್ರಶ್ನೆ ಕೇಳಿದ್ದರೆ, ಅದರ ಭಾರ ಅಷ್ಟು ತಟ್ಟುತ್ತಿರಲಿಲ್ಲ.

ನನ್ನ ಬಿಲ್ ತಪ್ಪಾಗಿದೆ. ನೇರ ಆಯೋಗಕ್ಕೆ ಬರೆಯಲೇ?

ಬೇಡ. ಮೊದಲು ಉಪವಿಭಾಗದ ಕಚೇರಿ, ಆಮೇಲೆ ಜಿಲ್ಲಾ ಮಟ್ಟದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿಯೂ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿದ್ಯುತ್ ಓಂಬುಡ್ಸ್‌ಮನ್. ಆರ್.ಆರ್. ನಂಬರ್ (ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಮತ್ತು ಹಳೆಯ ಬಿಲ್ಲುಗಳನ್ನು ಇಟ್ಟುಕೊಂಡಿರಿ.

ನೀರಿನ ದರಕ್ಕೂ ಇಂಥ ಆಯೋಗ ಇದೆಯೇ?

ನಮ್ಮ ರಾಜ್ಯದಲ್ಲಿ ಇಲ್ಲ. ಮಹಾರಾಷ್ಟ್ರದಲ್ಲಿ 2005ರ ಕಾಯ್ದೆಯಿಂದ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಬಂತು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನವಿಡೀ ನೀರಿನ ಪ್ರಯೋಗ ನಡೆದರೂ, ನೀರಿನ ದರವನ್ನು ಸ್ವತಂತ್ರವಾಗಿ ಪರಿಶೀಲಿಸುವವರು ಇನ್ನೂ ಇಲ್ಲ. ಕರೆಂಟಿನ ವಿಷಯದಲ್ಲಿ ನಮಗೆ ಇರುವ ವೇದಿಕೆ ಎಷ್ಟು ದೊಡ್ಡದು ಎಂಬುದು ನೀರಿನ ಬಿಲ್ ಹಿಡಿದಾಗ ನನಗೆ ಅರಿವಾಗುತ್ತದೆ.

ಸಿಬ್ಬಂದಿ ಮತ್ತು ಖರ್ಚಿನ ನಿಜವಾದ ಅಂಕಿ ನನ್ನ ಕೈಗೆ ಸಿಗುವುದು ಹೇಗೆ?

ಆಯೋಗದ ವಾರ್ಷಿಕ ವರದಿ ಮೊದಲು ನೋಡಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಅಧಿಕಾರಿಗಳ ಪಟ್ಟಿ, ಅವರ ಮಾಸಿಕ ವೇತನ ಮತ್ತು ಆಯವ್ಯಯವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅಷ್ಟು ಸಾಲದಿದ್ದರೆ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಒಕ್ಕಣೆ ಹೀಗಿರಲಿ, ಇದನ್ನೇ ನಕಲು ಮಾಡಿಕೊಳ್ಳಬಹುದು:

‘ವಿಷಯ: ಆಯೋಗದ ಸಿಬ್ಬಂದಿ ಮತ್ತು ಸಿಬ್ಬಂದಿ ವೆಚ್ಚ. ಕಳೆದ ಮೂರು ಆರ್ಥಿಕ ವರ್ಷಗಳಿಗೆ, ಪ್ರತಿ ಮಾರ್ಚ್ 31ರಂದು ಇದ್ದಂತೆ, ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇದ್ದ ಹುದ್ದೆಗಳ ವಿಭಾಗವಾರು ಸಂಖ್ಯೆ ಒದಗಿಸಿ. ಭರ್ತಿಯಾದವರಲ್ಲಿ ಕಾಯಂ, ನಿಯೋಜನೆ ಮತ್ತು ಗುತ್ತಿಗೆಯವರು ಎಷ್ಟು, ನಿಯೋಜನೆಯವರ ಮಾತೃ ಸಂಸ್ಥೆ ಯಾವುದು ಎಂಬುದನ್ನು ತಿಳಿಸಿ. ಆಯಾ ವರ್ಷ ವೇತನ ಹಾಗೂ ಭತ್ಯೆಗೆ, ಸಲಹೆಗಾರರಿಗೆ ಮತ್ತು ಸಾರ್ವಜನಿಕ ವಿಚಾರಣೆಗಳಿಗೆ ಆದ ವೆಚ್ಚ ಪ್ರತ್ಯೇಕವಾಗಿ ಕೊಡಿ. ಹೊಸ ಹುದ್ದೆಗಳಿಗಾಗಿ ಸರ್ಕಾರಕ್ಕೆ ಸಲ್ಲಿಸಿದ ಪ್ರಸ್ತಾವಗಳ ಮತ್ತು ಬಂದ ಉತ್ತರಗಳ ಪ್ರತಿ ಒದಗಿಸಿ.’